ಮೈಸೂರಿನ ಪೊಗದಿ ಮತ್ತು ಜೆ. ಸಿ. ಸಿ. ಡೇವಿಡ್‌ಸನ್: ಎರಡನೆಯ ಸಾಲಿನ ರಾಜಕಾರಣಿಯೊಬ್ಬನ ವೃತ್ತಾಂತ

ಇಂಗ್ಲೆಂಡಿನ ರಾಜಕೀಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರಧಾನಮಂತ್ರಿಗಳ ಬೆನ್ನು ಹತ್ತಿ ನಡೆಯುತ್ತಾರೆ. ಎರಡು ಮಹಾಯುದ್ಧಗಳ ನಡುವಣ ಕಾಲವೆಂದೊಡನೆ ಲಾಯ್ಡ್ ಜಾರ್ಜ್, ಬಾಲ್ಡ್ವಿನ್, ಮ್ಯಾಕ್‌ಡೊನಾಲ್ಡ್, ಚರ್ಚಿಲ್ ಮೊದಲಾದ ಹೆಸರುಗಳು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಆಳುವ ಕೆಲಸದ ಬಹುಭಾಗವನ್ನು ನಡೆಸಿದವರು ಇವರ ಹಿಂದೆ ನಿಂತಿದ್ದ ಎರಡನೆಯ ಸಾಲಿನವರು. ಕಾಗದಗಳನ್ನು ಸಿದ್ಧಪಡಿಸಿದವರು, ಸಮಿತಿಗಳಲ್ಲಿ ಕುಳಿತವರು, ಲೆಕ್ಕಗಳನ್ನು ಒಪ್ಪಿದವರು ಅವರೇ. ಹೊರನಾಡುಗಳ ಜನಜೀವನವನ್ನು ಮುಟ್ಟಿದ ಎಷ್ಟೋ ನಿರ್ಣಯಗಳು ಇವರ ಮೇಜಿನ ಮೇಲೆ ರೂಪುಗೊಂಡವು. ಅಂಥವರಲ್ಲಿ ಒಬ್ಬನಾದ ಜಾನ್ ಕಾಲಿನ್ ಕ್ಯಾಂಪ್‌ಬೆಲ್ ಡೇವಿಡ್‌ಸನ್ನನ ಸಾರ್ವಜನಿಕ ಜೀವನವನ್ನು ಮೈಸೂರು ಸಂಸ್ಥಾನದ, ಅದರಲ್ಲಿಯೂ ಕಾಫಿಯ ಮಲೆನಾಡಿನ ನೆಲೆಯಲ್ಲಿ ನಿಂತು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಲಂಡನ್ನಿನ ರಾಜಕಾರಣಿಗೂ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಗುಡ್ಡಗಳಿಗೂ ಎತ್ತಣಿಂದೆತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಆ ಸಂಬಂಧದ ಹೆಸರು ಪೊಗದಿ. ಎಂದರೆ ಮೈಸೂರು ಸಂಸ್ಥಾನವು ವರ್ಷಂಪ್ರತಿ ಬ್ರಿಟಿಷ್ ಸರ್ಕಾರಕ್ಕೆ ತೆರುತ್ತಿದ್ದ ಹಣ. 1932ರಲ್ಲಿ ಈ ಹಣದ ನ್ಯಾಯಾನ್ಯಾಯಗಳನ್ನು ವಿಚಾರಿಸಿದ ಸಮಿತಿಗೆ ಡೇವಿಡ್‌ಸನ್ನನು ಅಧ್ಯಕ್ಷನಾಗಿದ್ದನು.

ಮೊದಲು ಪೊಗದಿಯ ಪೂರ್ವೋತ್ತರವನ್ನು ತಿಳಿಯಬೇಕು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಒಡೆಯರ ಮನೆತನಕ್ಕೆ ರಾಜ್ಯವನ್ನು ಕೊಟ್ಟಾಗ, ಈಸ್ಟ್ ಇಂಡಿಯಾ ಕಂಪನಿಯು ಸಹಾಯಕ ಸೈನ್ಯದ ವೆಚ್ಚವೆಂದು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು ಗೊತ್ತುಮಾಡಿತು. ಪಗೋಡ ಒಂದಕ್ಕೆ ಮೂರೂವರೆ ರೂಪಾಯಿಯಂತೆ ಇದು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಆಗುತ್ತಿದ್ದಿತು. 1831ರಿಂದ 1881ರ ವರೆಗೆ ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸುವಾಗ ಈ ಮೊತ್ತವನ್ನು 35 ಲಕ್ಷಕ್ಕೆ ಏರಿಸಲಾಯಿತು. ಆಗ ಸಂಸ್ಥಾನದ ಒಟ್ಟು ಹುಟ್ಟುವಳಿ ಸುಮಾರು ಒಂದು ಕೋಟಿ ರೂಪಾಯಿ. 1876-78ರ ಮಹಾಕ್ಷಾಮದಿಂದ ನಾಡು ಇನ್ನೂ ಚೇತರಿಸಿಕೊಂಡಿರಲಿಲ್ಲ. ಆದುದರಿಂದ ಹೆಚ್ಚಿಗೆಯ ಹತ್ತೂವರೆ ಲಕ್ಷದ ವಸೂಲಿಯನ್ನು ಮುಂದಕ್ಕೆ ಹಾಕುತ್ತ ಬಂದು, ಕಡೆಗೆ 1896ರಿಂದ ಜಾರಿಗೆ ತಂದರು. ಅಲ್ಲಿಂದ ಮುಂದೆ ಮೂವತ್ತು ವರ್ಷಗಳಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟ ದ್ರವ್ಯವು ಮೈಸೂರಿನ ಖಜಾನೆಯಿಂದ ಹೊರಗೆ ಹೋಯಿತು. ಭಾರತದ ದೇಶೀಯ ಸಂಸ್ಥಾನಗಳು ತೆರುತ್ತಿದ್ದ ಇಂಥ ಹಣಗಳಲ್ಲೆಲ್ಲ ಮೈಸೂರಿನದೇ ಅತ್ಯಂತ ದೊಡ್ಡದು.

1927ರಲ್ಲಿ ವೈಸರಾಯ್ ಲಾರ್ಡ್ ಇರ್ವಿನ್ನನು ಹತ್ತೂವರೆ ಲಕ್ಷದ ರಿಯಾಯಿತಿಯನ್ನು ಘೋಷಿಸಿದಾಗ ನಾಡಿನಲ್ಲಿ ಸಂತೋಷವಾದುದು ನಿಜ. ಆದರೆ ಈ ಅಂಕಿಯನ್ನು ಮೇಲಿನ ಅಂಕಿಗಳೊಡನೆ ಇಟ್ಟು ನೋಡಬೇಕು. ಬಿಟ್ಟುಕೊಟ್ಟ ಮೊತ್ತವು 1881ರಲ್ಲಿ ಏರಿಸಿದ ಮೊತ್ತವೇ ಹೊರತು ಬೇರೆಯಲ್ಲ. ರಿಯಾಯಿತಿಯಾದ ಮೇಲೆ ಉಳಿದದ್ದು 1799ರ ಇಪ್ಪತ್ತನಾಲ್ಕೂವರೆ ಲಕ್ಷ. ನೂರ ಇಪ್ಪತ್ತೆಂಟು ವರ್ಷಗಳ ತರುವಾಯ ಪ್ರಶ್ನೆಯು ಹೊರಟ ಸ್ಥಳಕ್ಕೇ ಬಂದು ನಿಂತಿದ್ದಿತು.

ಈ ಹಣವು ಎಲ್ಲಿಂದ ಬರುತ್ತಿದ್ದಿತೆಂಬುದಕ್ಕೆ ಅಂದಿನ ಕಡೂರು ಜಿಲ್ಲೆಯ ಕಾಫಿ ಸೀಮೆಯು ಒಳ್ಳೆಯ ನಿದರ್ಶನ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಕಳಸಗಳ ಕಡೆಗೆ ಹಬ್ಬಿದ ತೋಟಗಳ ಮೇಲೆ ಸರ್ಕಾರವು ಮೊದಲು ‘ಹಾಲತ್’ ಎಂಬ ಸುಂಕವನ್ನು ಬೆಳೆಯ ತೂಕದ ಮೇಲೆ ವಸೂಲು ಮಾಡುತ್ತಿದ್ದಿತು. 1885ರಲ್ಲಿ ಅದನ್ನು ರದ್ದುಪಡಿಸಿ ಎಕರೆಯ ಲೆಕ್ಕದ ಕಂದಾಯವನ್ನು ಗೊತ್ತುಮಾಡಿತು. ಈ ಕಂದಾಯವು ಮೈಸೂರಿನ ಖಜಾನೆಗೆ ಸೇರಿ, ಅಲ್ಲಿಂದ ಅದರ ಒಂದು ಪಾಲು ಪೊಗದಿಯ ರೂಪದಲ್ಲಿ ಭಾರತ ಸರ್ಕಾರಕ್ಕೆ ಹೋಗುತ್ತಿದ್ದಿತು. ಇದು ನೇರವಾದ ಹೊರೆ.

ಇದಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಹೊರೆ ಉಂಟು. ಮೈಸೂರಿಗೆ ಕಡಲ ತೀರವಿಲ್ಲ. ಮೂಡಿಗೆರೆಯ ಕಡೆಯ ಕಾಫಿಯು ಕೊಟ್ಟಿಗೆಹಾರವನ್ನು ದಾಟಿ, ಚಾರ್ಮಾಡಿ ಘಾಟಿಯನ್ನು ಇಳಿದು ಮಂಗಳೂರನ್ನು ಸೇರಬೇಕು. ಅಲ್ಲಿಯ ಕಾರ್ಖಾನೆಗಳಲ್ಲಿ ಹದಗೊಂಡು ಹಡಗನ್ನೇರಬೇಕು. ಮಂಗಳೂರಾದರೋ ಮದರಾಸು ಆಧಿಪತ್ಯಕ್ಕೆ ಸೇರಿದ ಬಂದರು. ಹಡಗಿನಿಂದ ಇಳಿದು ಘಟ್ಟವನ್ನು ಹತ್ತುತ್ತಿದ್ದ ಯಂತ್ರ, ಬಟ್ಟೆ, ಸೀಮೆಎಣ್ಣೆಗಳ ಮೇಲಿನ ಸುಂಕವನ್ನು ಭಾರತ ಸರ್ಕಾರವು ಬಂದರಿನಲ್ಲಿಯೇ ವಸೂಲು ಮಾಡುತ್ತಿದ್ದಿತು. ಅದರಲ್ಲಿ ಮೈಸೂರಿಗೆ ಪಾಲಿರಲಿಲ್ಲ. ಉಪ್ಪಿನ ಸಂಗತಿಯೂ ಹೀಗೆಯೇ. 1924ರಿಂದ ಮಣ ಉಪ್ಪಿಗೆ 1 ರೂಪಾಯಿ 4 ಆಣೆಯಷ್ಟಿದ್ದ ಸುಂಕವು 1931ರಲ್ಲಿ ಕಾಲುಭಾಗ ಏರಿತು. ಘಟ್ಟದ ಕೆಳಗಿನಿಂದ ಬಂದು ತೋಟದ ಲೈನುಗಳಲ್ಲಿ ವಾಸಿಸುತ್ತಿದ್ದ ಕೂಲಿಯಾಳು ಗಂಜಿಗೆ ಹಾಕಿಕೊಂಡ ಉಪ್ಪಿನಲ್ಲಿಯೂ ಈ ಸುಂಕವು ಸೇರಿದ್ದಿತು. ಹೀಗೆ ಒಂದೇ ನೆಲದ ಜನರು ಪೊಗದಿಯ ಮೂಲಕ ಒಮ್ಮೆ, ಸುಂಕದ ಮೂಲಕ ಮತ್ತೊಮ್ಮೆ ಭಾರತ ಸರ್ಕಾರದ ಬೊಕ್ಕಸವನ್ನು ತುಂಬುತ್ತಿದ್ದರು. ಆ ಸರ್ಕಾರದ ಶಾಸನಸಭೆಯಲ್ಲಿ ಅವರಿಗೆ ಪ್ರತಿನಿಧಿಗಳಿರಲಿಲ್ಲ.

ಇಂತಹ ಪ್ರಶ್ನೆಯ ವಿಚಾರಣೆಯು ಯಾರ ಕೈಗೆ ಬಂದಿತೆಂಬುದನ್ನು ಈಗ ನೋಡೋಣ. ಡೇವಿಡ್‌ಸನ್ನನು 1889ರಲ್ಲಿ ಸ್ಕಾಟ್ಲೆಂಡಿನ ಅಬರ್‌ಡೀನ್ ನಗರದಲ್ಲಿ ಜನಿಸಿದನು. ತಂದೆ ಸರ್ ಜೇಮ್ಸ್ ಮೆಕೆಂಜಿ ಡೇವಿಡ್‌ಸನ್ನನು ಕ್ಷಕಿರಣ ವೈದ್ಯದ ಆದ್ಯರಲ್ಲಿ ಒಬ್ಬನು. ಮಗನು ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮುಗಿಸಿ, 1910ರಲ್ಲಿ ವಸಾಹತು ಶಾಖೆಯನ್ನು ಪ್ರವೇಶಿಸಿ, ಮಂತ್ರಿಗಳ ಆಪ್ತಕಾರ್ಯದರ್ಶಿಯಾಗಿ ಕೆಲಸ ಮಾಡಿದನು. ಹೀಗೆ ಒಡನಾಡಿದವರಲ್ಲಿ ಬೋನರ್ ಲಾ ಮುಖ್ಯನಾದವನು. 1920ರಲ್ಲಿ ಡೇವಿಡ್‌ಸನ್ನನು ಹೆಮೆಲ್ ಹೆಂಪ್‌ಸ್ಟೆಡ್ ಕ್ಷೇತ್ರದಿಂದ ಕನ್ಸರ್ವೆಟಿವ್ ಪಕ್ಷದ ಸದಸ್ಯನಾಗಿ ಪಾರ್ಲಿಮೆಂಟಿಗೆ ಬಂದನು. ಬೋನರ್ ಲಾ ಪ್ರಧಾನಿಯಾದಾಗಲೂ ಇವನು ಅವನ ನೆರಳಿನಂತೆ ಇದ್ದನು. ನಡುವೆ ಸ್ಟ್ಯಾನ್ಲಿ ಬಾಲ್ಡ್ವಿನ್ನನ ಜೊತೆಯಲ್ಲಿಯೂ ಕೆಲಸಮಾಡಿ ಅವನ ಪರಮಾಪ್ತನಾದನು.

1923ರ ಮೇ ತಿಂಗಳಲ್ಲಿ ಬೋನರ್ ಲಾ ಕಾಯಿಲೆಯಿಂದ ರಾಜೀನಾಮೆಯನ್ನು ಕೊಟ್ಟಾಗ ನಡೆದ ಒಂದು ಪ್ರಸಂಗವು ಇವನ ಸ್ವಭಾವವನ್ನು ತಿಳಿಸುತ್ತದೆ. ಪ್ರಧಾನಿಯ ಪಟ್ಟಕ್ಕೆ ಕರ್ಜನ್ ಮತ್ತು ಬಾಲ್ಡ್ವಿನ್ ಇಬ್ಬರ ಹೆಸರುಗಳಿದ್ದವು. ಬಾಲ್ಡ್ವಿನ್ನನನ್ನು ಸಮರ್ಥಿಸುವ ಒಂದು ಟಿಪ್ಪಣಿಯನ್ನು ಡೇವಿಡ್‌ಸನ್ನನು ಬರೆದನು. ಅದು ಅರಮನೆಗೆ ತಲುಪಿದಾಗ ಬೋನರ್ ಲಾನ ಅಭಿಪ್ರಾಯವೆಂಬಂತೆ ಅಲ್ಲಿ ಪರಿಗಣಿಸಲ್ಪಟ್ಟಿತು. ರಾಬರ್ಟ್ ಬ್ಲೇಕನು 1955ರಲ್ಲಿ ಪ್ರಕಟಿಸಿದ ಬೋನರ್ ಲಾನ ಜೀವನಚರಿತ್ರೆಯಿಂದ ಈ ಸಂಗತಿಯು ಪ್ರಸಿದ್ಧವಾಯಿತು. ಆ ಟಿಪ್ಪಣಿಯೊಂದರಿಂದಲೇ ಕರ್ಜನ್ನನಿಗೆ ಪದವಿ ತಪ್ಪಿತೆಂದು ಹೇಳಲಾಗದು. ದೊರೆಗೆ ಬೇರೆ ಸಲಹೆಗಳೂ ದೊರೆತಿದ್ದವು. ಆದರೂ 1902ರಲ್ಲಿ ವೈಸರಾಯನಾಗಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟ ಕರ್ಜನ್ನನ ಭವಿಷ್ಯವು ನಿರ್ಣಯವಾಗುತ್ತಿದ್ದಾಗ, ಒಳಕೋಣೆಯ ಬಾಗಿಲಲ್ಲಿ ಲೇಖನಿಯನ್ನು ಹಿಡಿದು ನಿಂತಿದ್ದವನು ಈತನು.

ಬಾಲ್ಡ್ವಿನ್ ಪ್ರಧಾನಿಯಾದೊಡನೆ ಡೇವಿಡ್‌ಸನ್ನನಿಗೆ ಲ್ಯಾಂಕಾಸ್ಟರ್ ಡಚಿಯ ಚಾನ್ಸಲರ್ ಪದವಿಯು ದೊರೆಯಿತು. 1923ರ ಡಿಸೆಂಬರಿನ ಚುನಾವಣೆಯಲ್ಲಿ ಸೋತು, 1924ರಲ್ಲಿ ಪುನಃ ಗೆದ್ದು, ನೌಕಾಶಾಖೆಯಲ್ಲಿ ಕಾರ್ಯದರ್ಶಿಯಾದನು. 1926ರ ಮಹಾ ಮುಷ್ಕರದ ಕಾಲದಲ್ಲಿ ಸರ್ಕಾರವು ಹೊರಡಿಸಿದ ಪತ್ರಿಕೆಗೆ ಚರ್ಚಿಲ್ಲನು ಸಂಪಾದಕನಾಗಿದ್ದಾಗ, ಅದರ ಮೇಲೆ ಕಣ್ಣಿಟ್ಟಿರುವ ಹೊಣೆಯು ಇವನ ಪಾಲಿಗೆ ಬಂದಿತು. ಅದೇ ವರ್ಷ ಪಕ್ಷದ ಅಧ್ಯಕ್ಷನಾದನು. ಬಿರುದುಬಾವಲಿಗಳನ್ನು ಹಣಕ್ಕೆ ಮಾರುವ ದಲ್ಲಾಳಿಯಾಗಿದ್ದ ಮಾಂಡಿ ಗ್ರೆಗರಿಯ ವ್ಯಾಪಾರವನ್ನು ಮುರಿದುದು ಈ ಅವಧಿಯ ಅವನ ಹೆಚ್ಚುಗಾರಿಕೆ. ಆದರೆ 1929ರ ಚುನಾವಣೆಯಲ್ಲಿ ಪಕ್ಷವು ಸೋತಿತು. ಸೋಲಿನ ದೂರು ಅಧ್ಯಕ್ಷನ ತಲೆಗೆ ಬಂದಿತು. 1930ರಲ್ಲಿ ಅವನು ಆ ಸ್ಥಾನವನ್ನು ನೆವಿಲ್ ಚೇಂಬರ್‌ಲಿನ್ನನಿಗೆ ಬಿಟ್ಟುಕೊಡಬೇಕಾಯಿತು. 1931ರಲ್ಲಿ ರಾಷ್ಟ್ರೀಯ ಸರ್ಕಾರವು ಏರ್ಪಟ್ಟಾಗ ಮತ್ತೆ ಅದೇ ಡಚಿಯ ಚಾನ್ಸಲರ್ ಪದವಿಯು ದೊರೆತರೂ ಅಂತರಂಗ ಮಂತ್ರಿಮಂಡಲದಲ್ಲಿ ಎಡೆ ದೊರೆಯಲಿಲ್ಲ. ಸ್ವಂತ ಶಾಖೆಯಿಲ್ಲದ, ಬೇಕಾದ ಕೆಲಸಕ್ಕೆ ಕಳುಹಿಸಬಹುದಾದ ಮಂತ್ರಿ ಅವನಾಗಿದ್ದನು.

ಆ ಕೆಲಸವು ಬೇಗನೆ ಬಂದಿತು. ದುಂಡುಮೇಜಿನ ಪರಿಷತ್ತುಗಳಲ್ಲಿ ಬ್ರಿಟಿಷ್ ಭಾರತ ಮತ್ತು ದೇಶೀಯ ಸಂಸ್ಥಾನಗಳು ಕೂಡಿದ ಒಕ್ಕೂಟದ ಯೋಜನೆಯು ಮುಂದೆ ಬಂದಿದ್ದಿತು. ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಅಲ್ಲಿ ಒಕ್ಕೂಟವನ್ನು ಬೆಂಬಲಿಸಿದರು. ಸಂಸ್ಥಾನಗಳು ಒಕ್ಕೂಟದ ವೆಚ್ಚಕ್ಕೆ ಇತರರಂತೆ ಸುಂಕದ ಮೂಲಕ ಹಣವನ್ನು ಕೊಡುವುದಾದರೆ, ಅದರ ಮೇಲೆ ಪೊಗದಿಯನ್ನೂ ತೆರುವುದೇಕೆಂಬುದು ಮೈಸೂರಿನ ವಾದ. ಈ ಬಗೆಯ ಪ್ರಶ್ನೆಗಳನ್ನು ಸಂಸ್ಥಾನ ಸಂಸ್ಥಾನಕ್ಕೂ ಲೆಕ್ಕ ಹಾಕಿ ನೋಡಲು ಒಂದು ಹಣಕಾಸಿನ ವಿಚಾರಣಾ ಸಮಿತಿಯು ಡೇವಿಡ್‌ಸನ್ನನ ಅಧ್ಯಕ್ಷತೆಯಲ್ಲಿ ನೇಮಕವಾಗಿ 1932ರ ಮೊದಲ ತಿಂಗಳುಗಳಲ್ಲಿ ಭಾರತಕ್ಕೆ ಬಂದಿತು. ಅದೇ ಜನವರಿಯ ಆದಿಯಲ್ಲಿ ಗಾಂಧೀಜಿಯವರು ಸೆರೆಮನೆಯನ್ನು ಸೇರಿದ್ದರು. ಒಂದು ಕಡೆ ಕಾಯಿದೆಭಂಗದ ಚಳವಳಿಯೂ ಲಾಠಿಯೂ, ಮತ್ತೊಂದು ಕಡೆ ಕರಾರುಪತ್ರಗಳೂ ಲೆಕ್ಕದ ಪುಸ್ತಕಗಳೂ. ಎರಡೂ ಒಂದೇ ರಾಜನೀತಿಯ ಮುಖಗಳು. ಅರಸರನ್ನು ಒಕ್ಕೂಟದೊಳಕ್ಕೆ ತರಬೇಕಾದರೆ ಅವರ ಹಣದ ದೂರುಗಳನ್ನು ಕೇಳಲೇಬೇಕಾಗಿದ್ದಿತು. ಬಾಲ್ಡ್ವಿನ್ನನ ವಿಶ್ವಾಸಕ್ಕೆ ಪಾತ್ರನಾದವನನ್ನೇ ಈ ಕೆಲಸಕ್ಕೆ ಆರಿಸಿದುದರಲ್ಲಿ ಇದರ ಸೂಚನೆಯುಂಟೆಂದು ತೋರುತ್ತದೆ.

ಸಮಿತಿಯ ವರದಿಯು 1932ರಲ್ಲಿಯೇ ಹೊರಬಿದ್ದಿತು. ಅದರ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಘಟಕಗಳೆಲ್ಲ ಸಮಾನವಾಗಿ ಹೊರೆ ಹೊರುವ ಒಕ್ಕೂಟದಲ್ಲಿ ಇಂತಹ ಕಪ್ಪಕಾಣಿಕೆಗಳಿಗೆ ಸ್ಥಾನವಿಲ್ಲ. ಅವು ಕಾಲಕ್ರಮದಲ್ಲಿ ಹೋಗತಕ್ಕವು. ಸೈನಿಕ ರಕ್ಷಣೆಗಾಗಿ ಹಿಂದೆ ಸೀಮೆಗಳನ್ನು ಬಿಟ್ಟುಕೊಟ್ಟ ಸಂಸ್ಥಾನಗಳಿಗೂ ಅದರ ಬೆಲೆಯನ್ನು ಕಟ್ಟಿಕೊಡಬೇಕು. ಆದರೆ ಸಮುದ್ರಸುಂಕ, ಉಪ್ಪು, ಅಂಚೆ ಮುಂತಾದುವುಗಳಲ್ಲಿ ಸಂಸ್ಥಾನವು ಅನುಭವಿಸುವ ವಿಶೇಷ ಹಕ್ಕುಗಳ ಬೆಲೆಯನ್ನು ಈ ರಿಯಾಯಿತಿಗೆ ವಜಾ ಹಾಕಬೇಕು. ಸಂಸ್ಥಾನದ ಒಟ್ಟು ಆದಾಯದ ನೂರಕ್ಕೆ ಐದನ್ನು ಮೀರಿದ ಭಾಗವನ್ನು ಮಾತ್ರ ಕೂಡಲೆ ಬಿಟ್ಟುಬಿಡಬೇಕು.

ಈ ತಕ್ಕಡಿಯಲ್ಲಿ ಮೈಸೂರನ್ನು ತೂಗಿದರೆ ಏನಾಗುತ್ತದೆ? ಬರೋಡ, ತಿರುವಾಂಕೂರು ಮೊದಲಾದ ಸಂಸ್ಥಾನಗಳಿಗೆ ಬಂದರುಗಳಿದ್ದವು; ಸಮುದ್ರಸುಂಕದಲ್ಲಿ ಹಕ್ಕುಗಳಿದ್ದವು. ಮೈಸೂರಿಗೆ ಅವಾವುವೂ ಇಲ್ಲ. ಭಟ್ಕಳದಲ್ಲಿ ಒಂದು ಬಂದರನ್ನು ಪಡೆಯಬೇಕೆಂಬ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದ ಯೋಜನೆಯು ಕೈಗೂಡಿರಲಿಲ್ಲ. ತನ್ನದೇ ಆಗಿದ್ದ ಅಂಚೆಯ ವ್ಯವಸ್ಥೆಯನ್ನು ಮೈಸೂರು 1889ರಲ್ಲಿಯೇ ಭಾರತ ಸರ್ಕಾರದ ಅಂಚೆಯೊಡನೆ ಸೇರಿಸಿಬಿಟ್ಟಿದ್ದಿತು. ಆದುದರಿಂದ ವಜಾ ಹಾಕಲು ಮೈಸೂರಿನ ಪಾಲಿಗೆ ಹೆಚ್ಚೇನೂ ಇರಲಿಲ್ಲ. ಕಳಸದ ಗುಡ್ಡದಿಂದ ಮಂಗಳೂರಿನ ಧಕ್ಕೆಯ ವರೆಗಿನ ದಾರಿಯೇ ಈ ಮಾತಿಗೆ ಸಾಕ್ಷಿ: ಆ ದಾರಿಯ ಕೊನೆಯಲ್ಲಿದ್ದ ಸುಂಕದ ಕಟ್ಟೆಯಲ್ಲಿ ಮೈಸೂರಿನದೆಂಬುದು ಯಾವುದೂ ಇರಲಿಲ್ಲ. ಡೇವಿಡ್‌ಸನ್ನನ ಸೂತ್ರದಂತೆಯೇ ನೋಡಿದರೂ ಮೈಸೂರಿನ ಮೊಕದ್ದಮೆಯು ಅತ್ಯಂತ ಬಲವಾದವುಗಳಲ್ಲಿ ಒಂದು.

ಶೇಕಡಾ ಐದರ ನಿಯಮದ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸಂಸ್ಥಾನವೊಂದರ ಆದಾಯವು ಮೂರೂವರೆ ಕೋಟಿಯೆಂದು ಇಟ್ಟುಕೊಳ್ಳೋಣ. ಅದರ ನೂರಕ್ಕೆ ಐದು ಎಂದರೆ ಹದಿನೇಳೂವರೆ ಲಕ್ಷ. ಇಪ್ಪತ್ತನಾಲ್ಕೂವರೆ ಲಕ್ಷವನ್ನು ತೆರುವ ಸಂಸ್ಥಾನಕ್ಕೆ ಕೂಡಲೆ ದೊರೆಯುವ ಬಿಡುಗಡೆಯು 7 ಲಕ್ಷ ಮಾತ್ರ. ಉಳಿದುದಕ್ಕಾಗಿ ಒಕ್ಕೂಟವು ಬರುವ ವರೆಗೆ, ಬಂದ ಮೇಲೆಯೂ ಹಲವು ವರ್ಷ ಕಾಯಬೇಕು. 1935ರ ಭಾರತ ಸರ್ಕಾರದ ಕಾಯಿದೆಯ 147ನೆಯ ಪ್ರಕರಣವು ಇದಕ್ಕೆ ಶಾಸನದ ರೂಪವನ್ನು ಕೊಟ್ಟಿತು. ಸಂಸ್ಥಾನವು ಒಕ್ಕೂಟವನ್ನು ಸೇರಿದ ದಿನದಿಂದ ಇಪ್ಪತ್ತು ವರ್ಷಗಳಿಗೆ ಮೀರದ ಅವಧಿಯಲ್ಲಿ ಹಣವನ್ನು ಬಿಡಬಹುದೆಂದು ಅದು ವಿಧಿಸಿತು. ಆ ಕಾಯಿದೆಯನ್ನು ರೂಪಿಸಿದ ಪಾರ್ಲಿಮೆಂಟಿನ ಜಂಟಿ ಸಮಿತಿಯಲ್ಲಿಯೂ ಡೇವಿಡ್‌ಸನ್ನನು ಸದಸ್ಯನಾಗಿದ್ದನು.

ಕಾಯುವ ಕಾಲವು ಎಂಥದಾಗಿದ್ದಿತೆಂಬುದನ್ನು ಮರೆಯಬಾರದು. 1929ರ ಅನಂತರ ಜಗತ್ತಿನ ಪೇಟೆಗಳಲ್ಲಿ ಕಾಫಿಯ ಬೆಲೆಯು ಕುಸಿಯಿತು. ಬ್ರೆಜಿಲ್ ದೇಶದಲ್ಲಿ 1931ರಿಂದ ಮೂಟೆಗಟ್ಟಲೆ ಕಾಫಿಯನ್ನು ಸುಟ್ಟುಹಾಕುತ್ತಿದ್ದರು. ಐರೋಪ್ಯ ತೋಟಗಾರರಿಗೆ 1893ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ಲಾಂಟರುಗಳ ಸಂಘವಿದ್ದಿತು. ಲಂಡನ್ನಿನ ಪೇಟೆಯೊಡನೆ ಸಂಪರ್ಕವಿದ್ದಿತು. ನಾಡಿನ ಸಣ್ಣ ಬೆಳೆಗಾರನಿಗೆ ಇದ್ದ ಆಸರೆಯು ಬಹುಮಟ್ಟಿಗೆ ಸಂಸ್ಥಾನದ ಸರ್ಕಾರವೇ. ಆ ಸರ್ಕಾರವು ತನ್ನ ಕೈಯಲ್ಲಿ ಹಣವಿದ್ದಾಗ ಏನು ಮಾಡಬಲ್ಲುದಾಗಿದ್ದಿತೆಂಬುದಕ್ಕೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಪ್ರಯೋಗ ಕ್ಷೇತ್ರವು ನಿದರ್ಶನ. ಎಲೆರೋಗ, ಕಾಂಡಕೊರಕಗಳ ಪೀಡೆಯಿಂದ ಬಳಲಿದ್ದ ತೋಟಗಳಿಗೆ ಅಲ್ಲಿಯ ಸಂಶೋಧನೆಯಿಂದ ಆದ ಉಪಕಾರವು ದೊಡ್ಡದು. ರಸ್ತೆ, ಆಸ್ಪತ್ರೆ, ಮಲೇರಿಯಾ ನಿವಾರಣೆಗಳಲ್ಲಿ ಮಲೆನಾಡಿಗೆ ಬೇಕಾದುದು ಇನ್ನೂ ಬೆಟ್ಟದಷ್ಟು ಇದ್ದಿತು. ಪೊಗದಿಯ ಹಣವೆಲ್ಲ ಮಲೆನಾಡಿಗೇ ವ್ಯಯವಾಗುತ್ತಿದ್ದಿತೆಂದು ನಾವು ವಾದಿಸಬೇಕಾಗಿಲ್ಲ. ಅದನ್ನು ಎಲ್ಲಿ ವ್ಯಯಮಾಡಬೇಕೆಂದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೇಳುವ ಅವಕಾಶವಾದರೂ ಉಳಿಯುತ್ತಿದ್ದಿತು ಎಂದರೆ ಸಾಕು.

ಒಕ್ಕೂಟವು ಬರಲೇ ಇಲ್ಲ. ಒಕ್ಕೂಟದ ಮೇಲ್ಮನೆಯಲ್ಲಿ ಸಂಸ್ಥಾನಗಳಿಗೆ ಗೊತ್ತಾಗಿದ್ದ 104 ಸ್ಥಾನಗಳಲ್ಲಿ ಕಡೆಯ ಪಕ್ಷ 52 ಸ್ಥಾನಗಳಿಗೆ ಅರ್ಹರಾದ ಅರಸರು, ಸಂಸ್ಥಾನಗಳ ಒಟ್ಟು ಜನಸಂಖ್ಯೆಯ ಅರ್ಧದಷ್ಟನ್ನು ಒಳಗೊಂಡು, ಸೇರಲು ಒಪ್ಪಿದ ಹೊರತು ಅದು ಜಾರಿಗೆ ಬರುವಂತಿರಲಿಲ್ಲ. ಅಷ್ಟು ಮಂದಿ ಒಪ್ಪಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧವು ಆರಂಭವಾದೊಡನೆ ವೈಸರಾಯ್ ಲಿನ್ಲಿತ್‌ಗೋ ಆ ಮಾತುಕತೆಗಳನ್ನು ನಿಲ್ಲಿಸಿಬಿಟ್ಟನು. ಪೊಗದಿಯ ಸಂಪೂರ್ಣ ವಿಮೋಚನೆಯನ್ನು ಒಕ್ಕೂಟದ ಕಂಬಕ್ಕೆ ಕಟ್ಟಿದ್ದರು, ಕಂಬವೇ ಏಳಲಿಲ್ಲ. 1947ರ ಆಗಸ್ಟ್ 15ರಂದು ಬ್ರಿಟಿಷರ ಸಾರ್ವಭೌಮಾಧಿಕಾರವು ಅಳಿದಾಗ 1799ರ ಕರಾರಿಗೂ ಆಧಾರವಿಲ್ಲದಂತಾಯಿತು.

ಈ ವೇಳೆಗೆ ಡೇವಿಡ್‌ಸನ್ನನು ರಾಜಕಾರಣದಿಂದ ದೂರವಾಗಿದ್ದನು. 1937ರಲ್ಲಿ ಬಾಲ್ಡ್ವಿನ್ನನು ನಿವೃತ್ತನಾದಾಗ ಅವನೂ ಪದವಿಯನ್ನು ಬಿಟ್ಟು, ವೈಕೌಂಟ್ ಪದವಿಯೊಡನೆ ಲಾರ್ಡುಗಳ ಸಭೆಯನ್ನು ಸೇರಿದನು. ಅವನು ತೆರವು ಮಾಡಿದ ಕ್ಷೇತ್ರದಿಂದ ಅವನ ಪತ್ನಿ ಜೋನ್ ಡೇವಿಡ್‌ಸನ್ ಚುನಾಯಿತಳಾಗಿ 1959ರ ವರೆಗೆ ಅದನ್ನು ಪ್ರತಿನಿಧಿಸಿದಳು. ಅವನ ಪತ್ರಗಳನ್ನೂ ನೆನಪುಗಳನ್ನೂ ರಾಬರ್ಟ್ ರೋಡ್ಸ್ ಜೇಮ್ಸನು 1969ರಲ್ಲಿ ಸಂಪಾದಿಸಿ ಪ್ರಕಟಿಸಿದನು. ಮರುವರ್ಷ, 1970ರಲ್ಲಿ, ಡೇವಿಡ್‌ಸನ್ನನು ಮರಣ ಹೊಂದಿದನು.

ಇವನ ಸಾರ್ವಜನಿಕ ಜೀವನವನ್ನು ಹೇಗೆ ತೂಗಬೇಕು? ಇವನು ಮೈಸೂರಿನ ವೈರಿಯಲ್ಲ. ಪೊಗದಿಯು ಹೊಸ ವ್ಯವಸ್ಥೆಯಲ್ಲಿ ಸಲ್ಲದೆಂಬ ತತ್ತ್ವವನ್ನು ಬ್ರಿಟಿಷ್ ಮಂತ್ರಿಯೊಬ್ಬನ ಅಧ್ಯಕ್ಷತೆಯ ಸಮಿತಿಯು ಒಪ್ಪಿ ಬರೆದುದು ಚರಿತ್ರೆಯ ದೃಷ್ಟಿಯಿಂದ ಸಣ್ಣ ಮಾತಲ್ಲ. ಚರ್ಚಿಲ್ಲನಂಥವರು ಭಾರತದ ಸುಧಾರಣೆಗಳನ್ನೇ ವಿರೋಧಿಸುತ್ತಿದ್ದಾಗ ಅಷ್ಟನ್ನು ಹೇಳಲು ಒಂದು ಬಗೆಯ ಪ್ರಾಮಾಣಿಕತೆ ಬೇಕಾಗಿದ್ದಿತು. ಆದರೆ ತತ್ತ್ವವನ್ನು ಕೊಟ್ಟವರು ದಿನವನ್ನು ಕೊಡಲಿಲ್ಲ. ಋಣವು ಅನ್ಯಾಯವಾದುದೆಂದು ಒಪ್ಪಿಕೊಂಡ ಬಳಿಕ ಅದರ ವಸೂಲಿಯನ್ನು ಮೂರನೆಯವರ ಒಪ್ಪಿಗೆ ಬರುವ ವರೆಗೆ ಮುಂದುವರಿಸಬಹುದೇ ಎಂಬ ಪ್ರಶ್ನೆಯನ್ನು ಸಮಿತಿಯ ಲೆಕ್ಕಾಚಾರವು ಬದಿಗೆ ಸರಿಸಿತು. ಬೇರೆ ಅರಸರ ಸಂಶಯಗಳಿಗೆ ದಂಡವನ್ನು ಒಕ್ಕೂಟವನ್ನು ಬಯಸಿದ ಮೈಸೂರು ತೆರಬೇಕಾಯಿತು. ವೈರವಿಲ್ಲದೆ, ಕ್ರೌರ್ಯವಿಲ್ಲದೆ, ಒಳ್ಳೆಯ ಬರಹದಲ್ಲಿಯೇ ಇಂತಹ ಅನ್ಯಾಯವು ಹೇಗೆ ಮುಂದುವರಿಯಬಲ್ಲುದೆಂಬುದನ್ನು ತಿಳಿಯಲು ಎರಡನೆಯ ಸಾಲಿನ ರಾಜಕಾರಣಿಗಳ ಅಭ್ಯಾಸವು ಅವಶ್ಯಕ.

ನಮ್ಮ ವಿದ್ಯಾರ್ಥಿಗಳು ಸಂಸ್ಥಾನದ ಚರಿತ್ರೆಯನ್ನು ಅರಮನೆ ಮತ್ತು ರೆಸಿಡೆನ್ಸಿಗಳ ನಡುವಣ ಪತ್ರವ್ಯವಹಾರವೆಂದು ಮಾತ್ರ ಓದುವುದುಂಟು. ಕಡೂರು ಜಿಲ್ಲೆಯ ಕಂದಾಯದ ಲೆಕ್ಕಗಳನ್ನೂ ಮಂಗಳೂರಿನ ಸುಂಕದ ಲೆಕ್ಕಗಳನ್ನೂ ಪ್ರಜಾಪ್ರತಿನಿಧಿ ಸಭೆಯ ನಡವಳಿಕೆಗಳನ್ನೂ 1932ರ ವರದಿಯ ಪಕ್ಕದಲ್ಲಿಟ್ಟು ಓದಿದರೆ, ಸಮಿತಿಯವರು ಅಂಕಿಯೆಂದು ಕಂಡದ್ದು ಘಟ್ಟದ ಮೇಲಿನವರಿಗೆ ಉಪ್ಪು, ಬಟ್ಟೆ, ಕಂದಾಯಗಳಾಗಿ ಕಂಡಿದ್ದುದು ಸ್ಪಷ್ಟವಾಗುತ್ತದೆ. ಆ ಓದನ್ನು ಜಿಲ್ಲೆಯ ಒಂದೊಂದು ತಾಲ್ಲೂಕಿಗೂ ವಿಸ್ತರಿಸುವುದು ನಮ್ಮ ಕಾಲೇಜುಗಳ ಚರಿತ್ರ ವಿಭಾಗಗಳಿಗೆ ಒಪ್ಪುವ ಕೆಲಸ.